ಎಂಟನೇ ಚಾನೆಲ್

ಈರಿ ಸರೋವರದ ದಂಡೆಯಲ್ಲಿ ನನ್ನದು ಮೊಳೆ-ಬೋಲ್ಟಿನ ಅಂಗಡಿ.
ನವೆಂಬರಿನ ಮಂಗಳವಾರ, ಗಿರಾಕಿಗಳಿಲ್ಲ,
ಹಿಮದ ಸಲಿಕೆಗಳಿಗೆ ಬೆಲೆಚೀಟಿ ಅಂಟಿಸುತ್ತಿದ್ದೆ.
ಲುಡ್ಮಿಲಾ ಹ್ರೂಶ್ಕಾ ಬಂದಳು, ಶಾಲೆಯ ಬಸ್ಸು ಓಡಿಸುವವಳು.
ಕೇಬಲ್ ಕಂಪನಿಯ ಬಿಲ್ಲನ್ನು
ಸತ್ತ ಇಲಿಯನ್ನು ಬಾಲ ಹಿಡಿದು ತಂದ ಹಾಗೆ ತಂದು
ಕೌಂಟರಿನ ಮೇಲೆ ಬೋರಲು ಹಾಕಿದಳು.
"ಪುಕ್ಕಟೆ ಬರುವುದನ್ನು ಹಿಡಿಯಲು ಏನಿದೆ, ಕೊಡು."

ಏನಿದೆ?
ಕಾಗದದಷ್ಟು ತೆಳ್ಳಗಿನದೊಂದಿದೆ, ಕಿಟಕಿಗೆ ಅಂಟಿಸುವುದು.
ಪೆಟ್ಟಿಗೆಯ ಮೇಲೆ ಇನ್ನೂರು ಮೈಲಿ ಎಂದಿದೆ;
ಬರೆದವನಿಗೆ ಭೂಮಿ ದುಂಡಗಿರುವುದು ಮರೆತುಹೋಗಿದೆ.
ಜೊತೆಗೊಂದು ಆಂಪ್ಲಿಫೈಯರ್. ಅದು ಮಾತನ್ನೂ ಹಿಗ್ಗಿಸುತ್ತದೆ,
ಗದ್ದಲವನ್ನೂ ಹಿಗ್ಗಿಸುತ್ತದೆ, ಮದುವೆಮನೆಯ ಮೈಕಿನ ಹಾಗೆ.
ಮಾರಿಬಿಡಬಹುದಿತ್ತು.
ಆದರೆ ಈ ಊರಿಗೆ ಇರುವುದು ಒಂದೇ ಚರ್ಚು,
ಭಾನುವಾರ ಅವಳ ಹಿಂದಿನ ಬೆಂಚು ನನ್ನದು.

ದಿಕ್ಸೂಚಿ ತೆಗೆದೆ. ಗೋಪುರಗಳಿರುವುದು ನೈಋತ್ಯಕ್ಕೆ,
ನಲವತ್ತೆರಡು ಮೈಲಿ. ನಡುವೆ ಏನೇನಿದೆ?
"ಎರಡು ಮೇಪಲ್ ಮರ. ನೀರಿನ ಟ್ಯಾಂಕು. ನನ್ನ ನಾದಿನಿಯ ಮನೆ."
ಮರ ಈಗ ಬೋಳು, ಮೇ ತಿಂಗಳಲ್ಲಿ ಎಲೆ ತುಂಬಿದಾಗ
ಒಂದೆರಡು ಚಾನೆಲ್ ನುಂಗುತ್ತದೆ.
ನಾದಿನಿಯನ್ನು ಹೇಗಾದರೂ ದಾಟೋಣ, ಎಂದೆ.
ನಗಲಿಲ್ಲ.

"ಎಂಟು ಬರಲೇಬೇಕು. ಉಳಿದವು ಹಾಳಾಗಲಿ."

ಅಲ್ಲೇ ತೊಡಕು.
ಉಳಿದವು ಗಿಡ್ಡ ಅಲೆಗಳು, ಗೇಣುದ್ದದ ಕಡ್ಡಿಗೂ ಸಿಕ್ಕಿಬೀಳುತ್ತವೆ.
ಎಂಟು ಹಾಗಲ್ಲ. ಅದಕ್ಕೆ ಎರಡು ಮೊಳ
ತೋಳು ಚಾಚಿ ನಿಂತವರೇ ಬೇಕು.
ಅಂಥದ್ದೇನಿದೆ ಎಂಟರಲ್ಲಿ?

ಕೈಗವಸು ಬಿಚ್ಚಿದಳು, ಮತ್ತೆ ತೊಟ್ಟಳು.
"ಎಮಿಲ್ ಉಪ್ಪಿನ ಗಣಿಗೆ ಇಳಿಯುವುದು ಕತ್ತಲಲ್ಲಿ,
ಸರೋವರದ ಕೆಳಗೆ, ಸಾವಿರದೆಂಟುನೂರು ಅಡಿ.
ಹತ್ತುವುದೂ ಕತ್ತಲಲ್ಲೇ. ಬೂಟು ಬಿಚ್ಚುವ ಮೊದಲು
ಎಂಟರ ಹವಾಮಾನ ನೋಡುತ್ತಾನೆ.
ನಾಳೆಯದಲ್ಲ ಅವನಿಗೆ ಬೇಕಾದ್ದು.
ಇವತ್ತಿನದು.
ಇವತ್ತು ಮೇಲೆ ಏನೇನಾಯಿತು ಅಂತ."

ಬೆಲೆಚೀಟಿಯ ಸುರುಳಿ ನನ್ನ ಬೆರಳಿಗೇ ಅಂಟಿತ್ತು.
ಬಿಡಿಸಿಕೊಳ್ಳುತ್ತ ಕೇಳಿದೆ:
ಸೂರಿನ ಮೇಲೆ ಹಳೆಯದೇನಾದರೂ ಇದೆಯೇ?
"ಇದೆ, ಮೊದಲಿನವರು ಬಿಟ್ಟುಹೋದದ್ದು,
ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ. ಹಕ್ಕಿ ಕೂರುತ್ತವೆ."
ಹಿತ್ತಲ ಗಿಡ ಮದ್ದಲ್ಲವಂತೆ, ನೆತ್ತಿಯ ಮೇಲಿನದೂ ಅಲ್ಲ.
ಐವತ್ತಡಿ ತಂತಿ, ಎರಡು ಕನೆಕ್ಟರ್, ತುಕ್ಕು ಬಿಡಿಸುವ ಎಣ್ಣೆ:
ಇಪ್ಪತ್ತಮೂರು ಡಾಲರ್ ಕೊಟ್ಟಳು,
ಚಿಲ್ಲರೆಯನ್ನು ಎರಡು ಸಲ ಎಣಿಸಿದಳು.

ಶನಿವಾರ ಏಣಿ ಹತ್ತಿದೆ.
ಮುಳ್ಳಿನ ಮೂತಿ ಬಡಗಣಕ್ಕಿತ್ತು.
ಮೊದಲಿನವನು ನೀರಿನಾಚೆಯ ಕೆನಡಾದಿಂದ
ಹಾಕಿ ಪಂದ್ಯ ಕದ್ದು ನೋಡುತ್ತಿದ್ದಿರಬೇಕು.
ತಿರುಗಿಸಿದೆ. ಕೆಳಗೆ ಕಿಟಕಿಯಿಂದ ಅವಳ ಕೂಗು:
"ಮೂವತ್ತೊಂದು! ನಲವತ್ತು! ನಿಲ್ಲು, ಸೊನ್ನೆ!
ಹಿಂದಕ್ಕೆ ಬಾ, ಹಿಂದಕ್ಕೆ" (ಬಸ್ಸಿನ ಕಂಠ ಅದು,
ಎರಡು ಮನೆಯಾಚೆಯ ನಾಯಿಯೂ ಹಿಂದಕ್ಕೆ ಸರಿಯಿತು)
"ಅರವತ್ತೆಂಟು! ಮುಟ್ಟಬೇಡ!"
ಒಂದು ಬೋಲ್ಟು ಕೊನೆಗೂ ಜಗ್ಗಲಿಲ್ಲ,
ಆಂಟೆನಾ ಕತ್ತು ಉಳುಕಿದವರಂತೆ ವಾರೆಯಾಗಿಯೇ ನಿಂತಿತು.
ಎಂಟು ಬಂತು. ಹತ್ತೊಂಬತ್ತು ಹೋಯಿತು.
ಅದರಲ್ಲಿ ಒಡವೆ ಮಾರುತ್ತಿದ್ದರು, ಹೋಗಲಿ.

ಶನಿವಾರವೂ ಪಾಳಿ ಇತ್ತು ಎಮಿಲನಿಗೆ.
ಸೂರಿನಿಂದ ಸರೋವರ ಸೀಸದ ತಗಡಿನಂತೆ ಕಂಡಿತು,
ಒಂದು ಹಡಗೂ ಇಲ್ಲ.
ಅದರಡಿಯಲ್ಲಿ ಎಲ್ಲೋ ಲಾರಿಗಳು ದೀಪ ಹಾಕಿಕೊಂಡು
ಬಿಳಿ ಗೋಡೆಗಳ ನಡುವೆ ಓಡಾಡುತ್ತಿದ್ದಿರಬೇಕು.
ಎರಡೂ ಹತ್ತಕ್ಕೆ ಆಲಿಕಲ್ಲು ಬಿತ್ತು,
ನಾಲ್ಕೇ ನಿಮಿಷ, ಕಡಲೆಕಾಳಿನಷ್ಟು.
ಮುಳ್ಳಿನ ಕಡ್ಡಿಗಳು ಒಂದೊಂದು ಸ್ವರದಲ್ಲಿ ಟಣಗುಟ್ಟಿದವು,
ನನ್ನ ಕಾಲರಿನೊಳಗೂ ಎರಡು ಇಳಿದವು.

ಟಿವಿಯವಳು ಇದನ್ನು ಹೇಳಲಿಕ್ಕಿಲ್ಲ, ನೀನೇ ಹೇಳು
ಎಂದು ಮೇಲಿಂದ ಕೂಗಿದೆ.
ಲುಡ್ಮಿಲಾ ಕೇಳಿಸಿಕೊಂಡಳೋ ಇಲ್ಲವೋ,
ಒಳಗೆ ಚಾನೆಲ್ ಎಣಿಸುತ್ತಿದ್ದಳು.