ಹಳದಿ ಡಬ್ಬಿ

ಮುಕ್ಕಾಲು ತುಂಬಿದರೆ ಮುಚ್ಚಬೇಕು ಅಂತ
ಡಬ್ಬಿಯ ಮೈಮೇಲೇ ಗೆರೆಯಿದೆ.
ಸೂಜಿಗಳು ಆ ಗೆರೆ ದಾಟಿ ನಾಲ್ಕು ದಿನ.
ಉಗ್ರಾಣದ ಬೀಗದಕೈ ವಖ್ತಾಂಗನ ಜೇಬಲ್ಲಿ,
ವಖ್ತಾಂಗ ಮಗಳ ಮದುವೆಗೆ ಜುಗ್ದಿದಿಯಲ್ಲಿ.

ಕುತಾಯಿಸಿಯ ಈ ಆಸ್ಪತ್ರೆಯಲ್ಲಿ
ಗಂಡಸರ ವಾರ್ಡಿಗೆ ರಾತ್ರಿ ಇಬ್ಬರೇ.
ಮೂವತ್ತೊಂದು ಹಾಸಿಗೆ, ನಾನು,
ಮತ್ತೆ ಬಂದು ಎರಡು ತಿಂಗಳಾದ ಎಲಿಸೊ:
ಓಡುನಡಿಗೆ, ಒಂದು ಅಳತೆ ದೊಡ್ಡ ಕೈಗವಸು.
ಸಣ್ಣ ಅಳತೆಯದೂ ಆ ಬೀಗದ ಹಿಂದೆಯೇ.

ಮೂರೂವರೆ. ಹನ್ನೊಂದನೇ ಹಾಸಿಗೆಯ ಗುರಾಮ್ ತಾತ
ನಲವತ್ತು ವರ್ಷ ಲಾರಿ ಓಡಿಸಿದವನು,
ನಿದ್ದೆಯಲ್ಲೂ ಗೇರು ಬದಲಿಸುತ್ತಾನೆ.
ಅವಳು ಸೂಜಿ ಹೊರಗೆ ಎಳೆಯುವುದಕ್ಕೂ
ತಾತ ಯಾವುದೋ ಘಟ್ಟದಲ್ಲಿ
ಸೆಕೆಂಡ್ ಗೇರಿಗೆ ಇಳಿಯುವುದಕ್ಕೂ ಸರಿಹೋಯಿತು.
ಕೂದಲೆಳೆಯಲ್ಲಿ ತಪ್ಪಿತು. ನಕ್ಕೆವು.
ನಗುತ್ತಲೇ ಹೋಗಿ ಡಬ್ಬಿಗೆ ತುರುಕಿದಳು.
ಒಳಗಿದ್ದ ಇನ್ನೊಂದು, ಬಾಯಿಗೆ ಅಡ್ಡ ನಿಂತದ್ದು,
ತಿರುಗಿ ಚುಚ್ಚಿತು.

ಅಯ್ಯೋ ಅನ್ನಲಿಲ್ಲ. ಹಾ, ಅಂದಳು,
ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರ ಹಾಗೆ.
ಗವಸಿನೊಳಗೆ ಸಾಸಿವೆಯಷ್ಟು ಕೆಂಪು.

ಹಿಂಡಬೇಡ, ಅಂದೆ. ಸೋಪು ಹಚ್ಚು. ಹರಿಯಲಿ ನೀರು.
ಜನವರಿಯ ನಲ್ಲಿ. ಬೆರಳು ಮರಗಟ್ಟಿ ನೀಲಿಯಾಗುವ ತನಕ
ಪಕ್ಕದಲ್ಲಿ ನಿಂತು ಗಡಿಯಾರ ನೋಡಿದೆ.
ಯಾರದು? ಅಂದಳು.
ಗುರಾಮನದಾಗಿದ್ದರೆ ಗುರಾಮನನ್ನು ಪರೀಕ್ಷಿಸಬಹುದಿತ್ತು.
ಇದು ನಾಲ್ಕು ದಿನದ ಸೂಜಿ, ಊರಿಗೆಲ್ಲ ಸೇರಿದ್ದು:
ಮನೆಗೆ ಹೋದವರದು, ಮಣ್ಣಿಗೆ ಹೋದ ಮೇಷ್ಟರದು,
ಇಲ್ಲೇ ಗೊರಕೆ ಹೊಡೆಯುತ್ತಿರುವವರದು.
ಇಪ್ಪತ್ತೆರಡನೇ ಹಾಸಿಗೆಯವನ ಕಣ್ಣು ಅರಿಶಿನದ ಹಾಗಿದೆ.
ಇಬ್ಬರೂ ಆ ಕಡೆ ನೋಡಲಿಲ್ಲ.

ಬೆಳಿಗ್ಗೆ ದೊಡ್ಡ ನರ್ಸು ತ್ಸಿಯಾಲಾ ಕೋಟು ಬಿಚ್ಚುತ್ತ
ಬರೆಯಲೇಬೇಕಾ, ಅಂದಳು. ಪ್ರಶ್ನೆಯಲ್ಲ ಅದು.
ಘಟನೆಗಳ ಪುಸ್ತಕದಲ್ಲಿ ನಾಲ್ಕು ಕಾಲಮ್ಮು:
ತಾರೀಖು, ಹೆಸರು, ಅಂಗ, ನರ್ಸು ಮಾಡಿದ ತಪ್ಪು.
ಡಬ್ಬಿಗೆ ಕಾಲಮ್ಮಿಲ್ಲ. ಬೀಗಕ್ಕಿಲ್ಲ. ಮದುವೆಗಂತೂ ಇಲ್ಲ.

ಹನ್ನೊಂದು ವರ್ಷದ ಕೆಳಗೆ ನನಗೂ ಚುಚ್ಚಿತ್ತು.
ಬರೆಯಲಿಲ್ಲ. ಸ್ಪಿರಿಟ್ಟು ಒರೆಸಿ, ಪಟ್ಟಿ ಸುತ್ತಿ,
ಮೂರು ತಿಂಗಳು ಮನೆಯಲ್ಲಿ
ನನ್ನ ಲೋಟ ಬೇರೆ ಇಟ್ಟುಕೊಂಡೆ.
ಇದೇನು ಹೊಸದು ಅಂದ ಗಂಡನಿಗೆ
ಇದರ ಬಣ್ಣ ಇಷ್ಟ, ಅಂದೆ.
ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದೇ
ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.
ಹೇಳಿದ್ದರೆ ಆ ಪುಸ್ತಕದಲ್ಲಿ ಆಗಲೇ
ಒಂದು ಕಾಲಮ್ಮು ಹೆಚ್ಚಿರುತ್ತಿತ್ತೋ ಏನೋ.

ಸ್ಕೇಲು ಸಿಗಲಿಲ್ಲ. ಥರ್ಮಾಮೀಟರಿನ ಡಬ್ಬಿ ಆನಿಸಿ
ಅಂಚಿನಲ್ಲಿ ಐದನೇ ಗೆರೆ ಎಳೆದೆ, ಸೊಟ್ಟಗೆ ಬಂತು.
ಬರೆದೆ: ತುಂಬಿತ್ತು. ಮೂರು ಸಲ ಕೇಳಿದ್ದೆವು.
ಕೆಳಗೆ ನನ್ನ ಹೆಸರು, ನಾರ್ಗಿಜಾ, ಮನೆತನದ ಹೆಸರೂ ಸೇರಿಸಿ.
ತ್ಸಿಯಾಲಾ ನೋಡಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು.
ಹಾಳೆ ಹರಿಯಲಿಲ್ಲ, ಸಹಿಯನ್ನೂ ಹಾಕಲಿಲ್ಲ.

ಸೋಮವಾರ ವಖ್ತಾಂಗ ಬಂದ, ಮದುವೆಯ ಸಿಹಿ ತಂದ,
ಜೇನುಪಾಕದ ಅಕ್ರೋಟು. ಜೊತೆಗೆ ಬೀಗದಕೈ.
ಸಿಟ್ಟು ಗಂಟಲ ತನಕ ಇತ್ತು. ಹಸಿವೂ ಇತ್ತು.
ತಿಂದೆ. ಎರಡು ತುಂಡು.

ಎಲಿಸೊ ರಕ್ತ ಕೊಟ್ಟು ಬಂದಿದ್ದಾಳೆ,
ಆರು ವಾರ ಕಳೆದು ಮತ್ತೆ ಕೊಡಬೇಕು,
ಮೂರು ತಿಂಗಳಿಗೆ ಇನ್ನೊಂದು ಸಲ.
ಹೊಸ ಡಬ್ಬಿ ಕಣ್ಣಳತೆಯಲ್ಲಿ ಗೋಡೆಗೆ ನಿಂತಿದೆ;
ಹಾದುಹೋದಾಗೆಲ್ಲ ನಿಂತು ಗೆರೆ ನೋಡುತ್ತಾಳೆ.
ಓಡುನಡಿಗೆ ಬಿಟ್ಟಿದ್ದಾಳೆ.

ಮೂರನೇ ವಾರದ ಒಂದು ರಾತ್ರಿ, ಚಹಾದ ಹೊತ್ತಿಗೆ,
ಚೀಲದಿಂದ ತನ್ನದೇ ಒಂದು ಲೋಟ ತೆಗೆದಳು,
ಹಸಿರು ಅಂಚಿನದು.
ಬಣ್ಣ ಚೆನ್ನಾಗಿದೆ ಅಲ್ವಾ, ಅಂದಳು, ನನ್ನ ಮುಖ ನೋಡದೆ.
ಚಹಾ ಬಗ್ಗಿಸಿದಳು.
ಅವಳ ಕೈಯಿಂದ ತೆಗೆದುಕೊಂಡು
ದೊಡ್ಡದೊಂದು ಗುಟುಕು ಕುಡಿದೆ.
ಸಕ್ಕರೆ ಹಾಕಿಲ್ಲವಲ್ಲೇ, ಅಂದೆ.