ಉಪ್ಪಿನ ಲೆಕ್ಕ

ರಾತ್ರಿ ಪಾಳಿ ಮುಗಿಸಿ ನಾಲ್ಕೂವರೆಗೆ
ಸ್ಥಾವರದ ಗೇಟು ದಾಟಿದರೆ ಬರ್ಕಾದ ಕಡಲು.
ಅಲೆಯೆಂದರೆ ಅಲೆಯಲ್ಲ,
ತಟ್ಟೆಯ ನೀರು ತುಸು ಅಲುಗಿದ ಹಾಗೆ.
ಆಗಸ್ಟು. ಗಾಳಿಯೆಂಬುದು ಹಿಂಡದ ಚಾದರ.
ಖಲ್ಫಾನ್ ಬೂಟು ಬಿಚ್ಚಿ ಬರಿಗಾಲಲ್ಲಿ ಕಾಯುತ್ತಾನೆ.
“ಯಲ್ಲಾ, ವಾಮನ್.” ಅಷ್ಟೆ.

ಮೊದಲ ಹತ್ತು ಸೆಕೆಂಡು ನಾನು ರಾಜ.
ಅದಕ್ಕೆ ಉಸಿರು ಬೇಡ, ಅನ್ನ ಬೇಡ;
ಸ್ನಾಯು ಸೊಂಟದ ಚೀಲದಲ್ಲಿ ಸಿಕ್ಕಿಸಿಕೊಂಡ ಚಿಲ್ಲರೆ ಅದು,
ಎರಡು ದೋಣಿಗಳ ನಡುವಿನ ದೂರಕ್ಕೆ ಸಾಕು.
ಮೂರನೆಯ ದೋಣಿ ಬರುವಷ್ಟರಲ್ಲಿ
ಚೀಲ ಬರಿದು.

ಆಮೇಲೆ ಸಕ್ಕರೆ.
ಕ್ಯಾಂಪಿನ ಮೆಸ್ಸಿನಲ್ಲಿ ಉಂಡ ಅನ್ನ
ತೊಡೆಯೊಳಗೆ ಮೂಟೆ ಕಟ್ಟಿ ಪೇರಿಸಿದ್ದು
ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.
ಗಾಳಿ ಸಾಲದ ಒಲೆ; ಉರಿಗಿಂತ ಹೊಗೆಯೇ ಹೆಚ್ಚು.
ತೊಡೆ ಸುಡುಸುಡು, ಬಾಯಲ್ಲಿ ತುಕ್ಕಿನ ರುಚಿ.
ನಿಲ್ಲು ಮಾರಾಯ, ಅನ್ನುತ್ತದೆ ಒಂದು ದನಿ
ಗಂಗೊಳ್ಳಿಯ ಕನ್ನಡದಲ್ಲೇ.

ಹೋದ ರಂಜಾನ್ ಕಳೆದ ವಾರ
ಡಾಕ್ಟರ್ ಜುಲೇಖಾ ರಿಪೋರ್ಟಿನ ಮೇಲೆ ಪೆನ್ನು ಊರಿದ್ದರು:
ಮುನ್ನೂರ ಹನ್ನೆರಡು.
“ರಕ್ತದಲ್ಲಿ ಸಕ್ಕರೆಯ ನೆರೆ, ಜೀವಕೋಶಕ್ಕೆ ಉಪವಾಸ.
ಬಾಗಿಲಿಗೆ ಬೀಗ. ನಿಮ್ಮ ಬೀಗದ ಕೈ ಸವೆದಿದೆ.”
ಹಾಗಾದರೆ?
“ಓಡಿ. ದುಡಿಯುವ ಸ್ನಾಯುವಿಗೆ
ಹಿಂಬಾಗಿಲೊಂದಿದೆ. ಅದು ಕೈ ಕೇಳುವುದಿಲ್ಲ.”
ಹದಿನೆಂಟು ವರ್ಷ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತು
ಊರೂರಿಗೆ ಕರೆಂಟು ಕಳಿಸಿದವನು ನಾನು;
ನನ್ನ ಮೈಗೇ ಕನೆಕ್ಷನ್ ಕೊಟ್ಟಿರಲಿಲ್ಲ.

ಮಸೀದಿಯ ಹತ್ತಿರ ಬರುವಾಗ ಉಸಿರು ಹದಕ್ಕೆ ಕೂರುತ್ತದೆ.
ಇದು ಮಾತ್ರ ನನಗೆ ಗೊತ್ತಿರುವ ಸಂಗತಿ:
ಲೋಡು ಒಮ್ಮೆಗೇ ಏರಿದರೆ ಟರ್ಬೈನು ತಡಬಡಿಸುತ್ತದೆ,
ಆಮೇಲೆ ಗಾಳಿಗೆ ಇಂಧನ ಒಗ್ಗಿ
ಗುಂಯ್ ಎನ್ನುವ ಒಂದೇ ಶ್ರುತಿ.
ಹೊಟ್ಟೆಯ ಮೇಲೆ ಜಮೆಯಾದ ಅಷ್ಟೂ ವರ್ಷಗಳ ಕೊಬ್ಬು
ಬತ್ತಿಗೆ ಎಣ್ಣೆ ಏರುವ ಹಾಗೆ
ಯಾವ ಅವಸರವೂ ಇಲ್ಲದೆ ಏರಿ ಬರುತ್ತದೆ.
ತೊಡೆ ಚೆಲ್ಲಿದ ಆ ಹುಳಿಯನ್ನೂ ಮೈ ಎಸೆಯುವುದಿಲ್ಲ;
ಹೃದಯ ಅದನ್ನೇ ನೆಕ್ಕಿ ಬದುಕುತ್ತದೆ,
ಮೀನು ಹೆಚ್ಚುವ ಮಣೆಯ ಬುಡದ ಬೆಕ್ಕಿನಂತೆ.

ಆದರೂ ನಾಲ್ಕರಲ್ಲಿ ಒಂದೇ ಪಾಲು ಓಟ,
ಮಿಕ್ಕ ಮೂರೂ ಬರೀ ಬಿಸಿ.
ನಮ್ಮ ಸ್ಥಾವರವೇ ವಾಸಿ ಕಣೋ, ಎಂದರೆ
ಖಲ್ಫಾನ್ ನಗುತ್ತಾನೆ:
“ನಿನ್ನ ಸ್ಥಾವರ ಎರಡು ಖರ್ಜೂರ ತಿಂದು
ಒಂದು ಮೈಲಿ ಓಡಲಿ, ನೋಡೋಣ.”

ಬೆಳಕು ಹರಿಯುತ್ತದೆ. ಬೆವರು ಆರುವುದಿಲ್ಲ;
ಗಾಳಿಯೇ ಹೊಟ್ಟೆತುಂಬ ಕುಡಿದು ತೇಗುತ್ತಿರುವಾಗ
ಯಾರು ಹೀರುತ್ತಾರೆ?
ಬಾಟಲಿಯ ಈ ಸಿಹಿನೀರು ಮೊನ್ನೆ ಇದೇ ಕಡಲು.
ನಾವೇ ಉಪ್ಪು ಕಳೆದು ಪೈಪಿಗೆ ಬಿಟ್ಟದ್ದು.
ಈಗ ನನ್ನ ಬೆನ್ನಿಳಿದು, ಮೊಣಕೈಯ ತುದಿಯಲ್ಲಿ ತೂಗಿ,
ಉಪ್ಪಾಗಿಯೇ ಮರಳಿಗೆ ಮರಳುತ್ತದೆ.
ರಾತ್ರಿಯೆಲ್ಲ ಮಾಡಿದ್ದನ್ನು
ಬೆಳಗಾಗುವುದರೊಳಗೆ ಅಳಿಸುವ ಯಂತ್ರ ನಾನು.

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ ನಮ್ಮ ಕಡೆ.
ನೀರು ಕುಡಿದವನು ಉಪ್ಪು ಕೊಡಬೇಕು ಎಂದು
ಯಾರೂ ಹೇಳಿರಲಿಲ್ಲ.

ಅಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ
ಕಾಳಗದ ಗೂಳಿಯೊಂದನ್ನು ಹುಡುಗನೊಬ್ಬ ನಡೆಸುತ್ತಿದ್ದಾನೆ.
ಹೆಗಲ ಮೇಲೆ ಸಣ್ಣ ಆವಿ.
ಹಾದುಹೋಗುವಾಗ ಅದು ಕತ್ತು ಚಾಚಿ
ಮಣಿಕಟ್ಟಿನಿಂದ ಮೊಣಕೈತನಕ
ಒರಟು ನಾಲಿಗೆಯಲ್ಲಿ ಒಮ್ಮೆ ನೆಕ್ಕಿತು.

ಖಲ್ಫಾನ್ ಮುಂದೆ ಹೋಗಿಯಾಗಿತ್ತು.
ನಾನು ಇನ್ನೊಂದು ಕೈಯನ್ನೂ ಚಾಚಿದೆ.