ಚಳಿ ಕೊಡುವುದು

ಕರೆಂಟಿನ ರೀಡಿಂಗ್ ಬರೆಯುವ ಕೆಲಸ ನನ್ನದು.
ನಜರ್‌ಬಾದಿನ ಕಾಂಪೌಂಡುಗಳೆಲ್ಲ ಗೊತ್ತು:
ಯಾವ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ,
ಯಾರ ಮೀಟರು ಡಬ್ಬಿಯಲ್ಲಿ ಗುಬ್ಬಿ ಸಂಸಾರ ಹೂಡಿದೆ.

ಎನ್ ನಾನೂರ ಹದಿನೇಳರ ಮೀಟರು ಹಿತ್ತಲಲ್ಲಿ,
ಬಟ್ಟೆ ಒಗೆಯುವ ಕಲ್ಲಿನ ಪಕ್ಕ.
ಡಿಸೆಂಬರು. ಆದರೂ ಹತ್ತು ಗಂಟೆಗೇ ಬೆವರು.
ಹೆಂಗಸೊಬ್ಬಳು ಸ್ಟೂಲು ಹತ್ತಿ
ಹಸಿರಾಗಿ ನಿಂತ ಮರದ ಎಲೆ ಕೀಳುತ್ತಿದ್ದಳು ಒಂದೊಂದೇ,
ಮಗುವಿನ ತಲೆಯಲ್ಲಿ ಹೇನು ಹೆಕ್ಕುವ ಹಾಗೆ,
ಅವಸರವಿಲ್ಲದೆ.

ಏನಮ್ಮಾ, ಹುಳ ಬಿತ್ತಾ? ಅಂದೆ.
ಇಲ್ಲಪ್ಪ, ಚಳಿ ಕೊಡ್ತಾ ಇದೀನಿ.

ಸೇಬಂತೆ. ಮೈಸೂರಲ್ಲಿ ಸೇಬು!
ನಗುವಿನಲ್ಲಿ ಅಂಕಿ ತಪ್ಪಿ, ಹೊಡೆದುಹಾಕಿ ಮತ್ತೆ ಬರೆದೆ.

ಟೈಲರ್ ಲೂರ್ದಮ್ಮ. ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ
ಇಡೀ ಚರಿತ್ರೆ ಹೇಳಬಲ್ಲವಳು.
ತಾತ ಸವರಿಮುತ್ತು ಊಟಿಯ ಬಂಗಲೆಯಲ್ಲಿ ಅಡಿಗೆಯವ.
ಕೆಲಸ ಬಿಡಿಸಿದ ದಿನ, ಬಾಕಿ ಸಂಬಳಕ್ಕೆ ಬದಲು
ಸಿಕ್ಕಿದ್ದು ಬೇರಿದ್ದ ಒಂದು ಕಡ್ಡಿ.
ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದ.
ಬಂಡೀಪುರದಲ್ಲಿ ಬಸ್ಸು ಕೆಟ್ಟು ನಿಂತಾಗ
ಕುಡಿಯೋ ನೀರನ್ನೂ ಅದಕ್ಕೇ ಹುಯ್ದನಂತೆ.

ಏಳು ವರ್ಷ ಬರೀ ಎಲೆ.
ಮಲಗು ಅನ್ನುವ ಮಂಜು ಇಲ್ಲಿ ಬೀಳಲಿಲ್ಲ,
ನಿದ್ದೆಗೆಟ್ಟ ಮರ ಹೂವನ್ನೆಲ್ಲಿಂದ ತಂದೀತು?
ಎಂಟನೇ ವರ್ಷ ಪಕ್ಕದ ಮನೆಯ ಮೇಕೆ ನುಗ್ಗಿ
ಕೈಗೆಟಕುವಷ್ಟನ್ನೂ ಬೋಳು ಮಾಡಿತು.
ತಾತ ಕೋಲು ಹಿಡಿದು ಬೀದಿಯುದ್ದಕ್ಕೂ ಓಡಿದ.
ಮೂರು ವಾರ ಕಳೆದು ನೋಡಿದರೆ
ಬೋಳು ಕೊಂಬೆಗಳ ತುಂಬ ಬಿಳಿ ಹೂವು.
ಅವತ್ತಿಂದ ವರ್ಷಕ್ಕೊಮ್ಮೆ ನಮ್ಮನೇಲಿ ಯಾರಾದ್ರೂ
ಮೇಕೆ ಆಗ್ಬೇಕು, ಅಂದಳು.

ಮೇ ತಿಂಗಳ ರೀಡಿಂಗಿಗೆ ಹೋದಾಗ ಹಣ್ಣು ಕೊಟ್ಟಳು.
ನಿಂಬೆಗಿಂತ ಚೂರು ದಪ್ಪ, ಒಂದೇ ಕೆನ್ನೆ ಕೆಂಪು.
ಉಪ್ಪು ಖಾರ ಸವರಿ ಕಚ್ಚಿದೆ, ಹಲ್ಲು ಜುಮ್ಮೆಂದಿತು.
ಹೆಸರೇನು ಇದರದ್ದು?
ಸೇಬು, ಅಷ್ಟೇ.
ತೋಟಗಾರಿಕೆಯವರ ಪಟ್ಟಿಯಲ್ಲೂ ಇರಲಿಲ್ಲ.

ಮರುವರ್ಷ ಅಣ್ಣತಮ್ಮಂದಿರ ಪಾಲಾಯಿತು, ಮನೆ ಮಾರಿತು.
ನರ್ಸರಿಯ ಜವರಪ್ಪನ ಕೈಲಿ ಕಸಿ ಕಲಿತೆ.
ಹೆಬ್ಬೆರಳು ಎರಡು ಸಲ ಕೊಯ್ದುಕೊಂಡೆ.
ಬೀಜಕ್ಕೂ ಕಡ್ಡಿಗೂ ಚಳಿ ಬೇಕಂತೆ:
ಹಾಲಿನ ಬೂತಿನ ಫ್ರಿಡ್ಜಿನಲ್ಲಿ, ಮೊಸರು ಪ್ಯಾಕೆಟ್ಟುಗಳ ಹಿಂದೆ
ಎರಡೂವರೆ ತಿಂಗಳು ಮಲಗಿದವು,
ಬೂತಿನವನು ದಿನಾ ಗೊಣಗುತ್ತ, ದಿನಾ ಮುಟ್ಟಿ ನೋಡುತ್ತ.
ಸಸಿ ಎದ್ದ ಮೇಲೆ ಒಂಬತ್ತು ಕಸಿ ಕಟ್ಟಿದೆ.
ಏಳು ಕಪ್ಪಾದವು.

ಎನ್ ನಾನೂರ ಹದಿನೇಳರ ಕೊನೆಯ ರೀಡಿಂಗ್ ಬರೆದವನೂ ನಾನೇ.
ಮೀಟರು ಬಿಚ್ಚುವಾಗ ಬೆನ್ನ ಹಿಂದೆ ಗರಗಸದ ಸದ್ದು.
ನಾನು ತಿರುಗಲಿಲ್ಲ. ಸ್ಕ್ರೂಗಳನ್ನು ಲೆಕ್ಕ ಮಾಡಿ
ಜೇಬಿಗೆ ಹಾಕಿಕೊಂಡೆ.

ಒಂದು ಗಿಡ ಲೂರ್ದಮ್ಮನ ಬಾಡಿಗೆ ಮನೆಯ ತಾರಸಿಯಲ್ಲಿ,
ಪೇಂಟಿನ ಡಬ್ಬದಲ್ಲಿ.
ಇನ್ನೊಂದು ನಮ್ಮ ಆಫೀಸಿನ ಹಿಂದೆ, ಕೆಟ್ಟ ಟ್ರಾನ್ಸ್‌ಫಾರ್ಮರುಗಳ ನಡುವೆ.
ತಗಡಿನ ಚೀಟಿಯ ಮೇಲೆ ಹೆಸರು ಕೊರೆದಿದ್ದೇನೆ: ಎನ್ ೪೧೭.

ಹೂವು ಬಿಟ್ಟಿಲ್ಲ ಇನ್ನೂ.
ಈ ಡಿಸೆಂಬರಿನಲ್ಲೂ ಚಳಿ ಕೊಟ್ಟೆ,
ಲೈನ್‌ಮನ್‌ಗಳು ಟೀ ಹೀರುತ್ತ ನನ್ನ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿರುವಾಗ.
ಎಷ್ಟು ಕಿತ್ತೆ ಅಂತ ಪುಸ್ತಕದಲ್ಲಿ ಬರೆದಿಟ್ಟೆ, ಅಭ್ಯಾಸಬಲ.
ಹೋದ ಸಲ ಹನ್ನೊಂದು ಎಲೆ.
ಈ ಸಲ ಮೂವತ್ತೆಂಟು.